ಮಲಪ್ರಭೆ ಹುಟ್ಟೋ ಕಣಕುಂಬಿಯಿಂದ ಕೂಡಲಸಂಗಮದವರೆಗೆ ಕಾರಲ್ಲಿ: ನಾಲ್ಕು ದಿನ ಸಾಕಾ?

ಪಯಣಿಗ_ಬೆಂಗಳೂರು
ನಮಸ್ಕಾರ. ಡಿಸೆಂಬರ್ ಕೊನೆಯ ರಜೆಗೆ ಉತ್ತರ ಕರ್ನಾಟಕದ ಕಡೆ ಹೊರಡೋ ಯೋಚನೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಂತ ಮೂರು ಕಡೆ ಇಳಿದು ಫೋಟೊ ಹೊಡ್ಕೊಂಡು ಬರೋ ಪ್ಯಾಕೇಜ್ ಬೇಡ ಅಂತ ಮನೇಲಿ ತೀರ್ಮಾನ ಆಗಿದೆ. ಮಲಪ್ರಭೆ ಹುಟ್ಟೋ ಜಾಗದಿಂದ ಶುರು ಮಾಡಿ, ಅದು ಕೃಷ್ಣೆಗೆ ಸೇರೋವರೆಗೆ ಹೊಳೆ ಪಕ್ಕದಲ್ಲೇ ಹೋಗಬೇಕು ಅನ್ನೋದು ನನ್ನಾಸೆ. ಹೊಳೆ ಉದ್ದ 304 ಕಿ.ಮೀ. ಅಷ್ಟೇ, ಹಾಗಾಗಿ ಆರಾಮಾಗಿ ಆಗುತ್ತೆ ಅನ್ಕೊಂಡಿದೀನಿ.

ದಿನ 1: ಬೆಂಗಳೂರು–ಬೆಳಗಾವಿ.
ದಿನ 2: ಕಣಕುಂಬಿ, ಖಾನಾಪುರ, ಹಲಸಿ, ಕಿತ್ತೂರು, ಸವದತ್ತಿ ಯಲ್ಲಮ್ಮ.
ದಿನ 3: ನವಿಲುತೀರ್ಥ ಡ್ಯಾಂ, ರಾಮದುರ್ಗ, ಬಾದಾಮಿ, ಮಹಾಕೂಟ, ಬನಶಂಕರಿ.
ದಿನ 4: ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ರಾತ್ರಿ ವಾಪಸ್ ಬೆಂಗಳೂರು.

ಜೊತೆಗೆ ಅಪ್ಪ, ಅಮ್ಮ (ಅಮ್ಮಂಗೆ ಮಂಡಿನೋವು), ಹೆಂಡತಿ, ಏಳನೇ ಕ್ಲಾಸಿನ ಮಗಳು. ರಸ್ತೆ ಹೇಗಿದೆ, ಎಲ್ಲಿ ಉಳ್ಕೊಳ್ಳೋದು, ಏನು ಬಿಡಬೇಕು ಹೇಳಿ.

ಬುಲೆಟ್_ಬಸ್ಯಾ
ನಾಲ್ಕನೇ ದಿನದ ಪ್ಲಾನ್ ಓದಿ ನಕ್ಕು ಸಾಕಾತು ಸರ. ಐಹೊಳಿ ನೋಡಿ, ಸಂಗಮ ನೋಡಿ, ಆಲಮಟ್ಟಿಗೆ ಹೋಗಿ, ಅವತ್ತ ರಾತ್ರಿ ಬೆಂಗಳೂರು? ನೀವು ಕಾರಾಗ ಹೊಂಟೀರೋ ಹೆಲಿಕಾಪ್ಟರ್‌ನ್ಯಾಗೋ?

ಕುಕ್ಕರಹಳ್ಳಿ
ನಗಬೇಡಿ ಪಾಪ. ನಮ್ಮ ಕಡೆಯವರಿಗೆಲ್ಲ ಹೀಗೇನೇ, ಹುಬ್ಬಳ್ಳಿ ದಾಟಿದ ಮೇಲೆ ಎಲ್ಲ ಪಕ್ಕಪಕ್ಕದಲ್ಲೇ ಇದೆ ಅನ್ಸುತ್ತೆ.

ಹೊಳಿದಂಡಿ
ನಾನು ರಾಮದುರ್ಗದಾಕಿ. ಮೊದಲ ಒಂದು ಮಾತು ತಿಳಕೋರಿ. ಹೊಳಿ ಪಕ್ಕಕ್ಕ ಹೋಗೂ ರಸ್ತೆ ಅಂತ ಯಾವುದೂ ಇಲ್ಲ. ಹೊಳಿ ತನ್ನ ಪಾಡಿಗೆ ಸುತ್ತಿ ಬಳಸಿ ಹೋಗತೈತಿ, ರಸ್ತಿ ತನ್ನ ಪಾಡಿಗೆ ನೆಟ್ಟಗ ಹೋಗತೈತಿ. ಎರಡೂ ಕೂಡೂದು ಬ್ರಿಜ್‌ನ್ಯಾಗ ಅಷ್ಟ. ಹೆದ್ದಾರಿ ಮ್ಯಾಲೆ ಎಂ.ಕೆ.ಹುಬ್ಬಳ್ಳಿ, ಆಮ್ಯಾಲೆ ಮುನವಳ್ಳಿ, ರಾಮದುರ್ಗ, ಕೊಣ್ಣೂರು, ಹೊಳೆಆಲೂರು, ಚೊಳಚಗುಡ್ಡ, ಪಟ್ಟದಕಲ್ಲು, ಐಹೊಳಿ. ಈ ಬ್ರಿಜ್‌ಗೋಳನ್ನ ಮ್ಯಾಪಿನ್ಯಾಗ ಗುರ್ತು ಮಾಡ್ಕೊಂಡು ಅಲ್ಲಲ್ಲಿ ಇಳಿರಿ. ಹಂಗ ಮಾಡಿದ್ರ ಹೊಳಿ ನೋಡಿದಂಗ ಆಗತೈತಿ. ಇಲ್ಲಂದ್ರ ಮೂರು ದಿನ ಕಬ್ಬು, ಗೋವಿನಜೋಳ ನೋಡ್ಕೋಂತ ಹೋಗಿ ಬಂದಂಗ.

ಇನ್ನೊಂದು, ಬಾದಾಮಿ ಹೊಳಿ ದಂಡಿಗೆ ಇಲ್ಲ. ಅಲ್ಲಿರೂದು ಅಗಸ್ತ್ಯತೀರ್ಥ, ಅದು ಕೆರಿ. ಹೊಳಿ ಬೇಕಂದ್ರ ಬನಶಂಕರಿ ದಾಟಿ ಚೊಳಚಗುಡ್ಡಕ್ಕ ಹೋಗಬೇಕು.

ಪಯಣಿಗ_ಬೆಂಗಳೂರು
ಇದು ಬಹಳ ಉಪಯೋಗದ ಮಾತು ಮೇಡಂ. ಡಿಸೆಂಬರಲ್ಲಿ ನೀರಿರುತ್ತಾ?

ಹೊಳಿದಂಡಿ
ಡ್ಯಾಮಿನ ಮ್ಯಾಲಿನ ಕಡೆ ಇರ್ತೈತಿ. ಕೆಳಗ ಹೇಳಾಕ ಬರೂದಿಲ್ಲ. ನವಿಲುತೀರ್ಥದಾಗ ಹೊಳಿ ಎರಡು ಗುಡ್ಡದ ನಡುವಿನ ಸಂದಿನಾಗಿಂದ ಹಾಯತಿತ್ತು, ಆ ಸಂದಿಗೇ ಕಟ್ಟಿ ಕಟ್ಟ್ಯಾರ. ನೀರು ಎಡದಂಡೆ ಬಲದಂಡೆ ಕಾಲುವಿಗೆ, ಹುಬ್ಬಳ್ಳಿ-ಧಾರವಾಡಕ್ಕ ಕುಡ್ಯಾಕ ಹೋಗತೈತಿ. ಉಳಿದಿದ್ದು ಹೊಳಿಗೆ. ಪಟ್ಟದಕಲ್ಲಿನಾಗ ಬರೀ ಬಂಡಿ, ನಡು ನಡು ಮಡುವು ಕಂಡ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಸಂಗಮಕ್ಕ ಹೋದ್ರ ಕಣ್ಣು ಹಾಯೂತನ ನೀರು, ಆದ್ರ ಅದು ನಾರಾಯಣಪುರ ಡ್ಯಾಮಿನ ಹಿನ್ನೀರು.

ಬುಲೆಟ್_ಬಸ್ಯಾ
ಮಳಿಗಾಲದಾಗ ಬಂದ್ರ ಇದ ಹೊಳಿ ಬ್ಯಾರೆನ ಇರ್ತೈತಿ. 2019ರ ಆಗಸ್ಟ್‌ನ್ಯಾಗ ಕೊಣ್ಣೂರು ಬ್ರಿಜ್ ಮುಳುಗಿ ಹುಬ್ಬಳ್ಳಿ–ಸೊಲ್ಲಾಪುರ ರಸ್ತೇನ ಬಂದ್ ಆಗಿತ್ತು. ಪಟ್ಟದಕಲ್ಲು ಗುಡಿಗೋಳ ಸುತ್ತ ನೀರು.

ಕುಂದಾನಗರಿ
ಬೆಳಗಾವಿಯವನಾಗಿ ಹೇಳ್ತೀನಿ, ಕಣಕುಂಬಿ ಬಿಡಬೇಡಿ. ಎಲ್ಲರೂ ಗೋವಾಕ್ಕೆ ಹೋಗುವಾಗ ಅದರ ನಡುವೆಯೇ ಹಾದು ಹೋಗ್ತಾರೆ, ಒಬ್ಬರೂ ಗಾಡಿ ನಿಲ್ಲಿಸಲ್ಲ. ಜಾಂಬೋಟಿ ದಾಟಿದ ಮೇಲೆ ಚೋರ್ಲಾ ಕಡೆ ಹೋಗೋ ರಸ್ತೆ ಅದು. ಮಾವುಲಿ ದೇವಿ ಗುಡಿ, ಅಲ್ಲೊಂದು ಕುಂಡ, ಅದೇ ಮಲಪ್ರಭೆ. ನೀವು ಮರುದಿನ ಬಾದಾಮಿಯಲ್ಲಿ ನೋಡೋದು ಕೆಂಪು ಕಲ್ಲು, ಮುಳ್ಳುಕಂಟಿ. ಕಣಕುಂಬಿಯಲ್ಲಿ ದಟ್ಟ ಕಾಡು, ಜಿಗಣೆ ಬಿಡೋ ಮಳೆನಾಡು. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಕಡೆ ಅಷ್ಟು ಮಳೆ, ಸವದತ್ತಿ ಬರೋ ಹೊತ್ತಿಗೆ ಎರೆಭೂಮಿ. ಈ ಬದಲಾವಣೆ ನೋಡೋದಕ್ಕೇ ಹೊಳೆ ಹಿಡಿದು ಹೋಗಬೇಕು.

ಖಾನಾಪುರದ ಹತ್ತಿರ ಅಸೋಗ ಅಂತ ಇದೆ, ರಾಮಲಿಂಗೇಶ್ವರ ಗುಡಿ, ಹೊಳೆ ಅಲ್ಲಿ ಬಂಡೆಗಳ ನಡುವೆ ಹರಿಯುತ್ತೆ. ಊಟದ ಡಬ್ಬಿ ಬಿಚ್ಚೋಕೆ ಪ್ರಶಸ್ತ ಜಾಗ. ಹಲಸಿಗೆ ಹೋಗೋದಾದ್ರೆ ಕದಂಬರ ಭೂವರಾಹ ನರಸಿಂಹ ಗುಡಿ ನೋಡಿ, ಆದ್ರೆ ಅದು ಹೊಳೆ ಬಿಟ್ಟು ಒಳಗಿದೆ.

ಕಲ್ಲುಹುಚ್ಚಿ
ನಾನು ಒಪ್ಪಲ್ಲ. ಐದು ಜನ, ಅದರಲ್ಲಿ ಇಬ್ಬರು ವಯಸ್ಸಾದವರು. ಬೆಂಗಳೂರಿಂದ ಬೆಳಗಾವಿಗೆ 500 ಕಿ.ಮೀ. ಓಡಿಸಿ, ಮತ್ತೆ ಪಶ್ಚಿಮಕ್ಕೆ ಹೋಗಿ ಒಂದು ಕುಂಡ ನೋಡಿ, ಅಷ್ಟೂ ದೂರ ವಾಪಸ್ ಬರೋದು! ಆ ಒಂದು ದಿನ ಪಟ್ಟದಕಲ್ಲಿಗೆ ಕೊಡಿ. ಜನ ಪಟ್ಟದಕಲ್ಲನ್ನ ಒಂದು ಗಂಟೇಲಿ ಮುಗಿಸ್ತಾರೆ, ಹೊಟ್ಟೆ ಉರಿಯುತ್ತೆ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ, ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ, ಪಲ್ಲವರ ಕಂಚಿ ಗೆದ್ದ ನೆನಪಿಗೆ. ಅದರ ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ. ರಾಜನ ಹೆಸರು ಎಲ್ಲ ಕಡೆ ಇರುತ್ತೆ, ಕಲ್ಲುಕುಟಿಗನ ಹೆಸರು ಎಷ್ಟು ಕಡೆ ಸಿಗುತ್ತೆ ಹೇಳಿ?

ಮಗಳಿಗೆ ಇನ್ನೊಂದು ಕಥೆ ಹೇಳಿ. ಇದೇ ವಿಕ್ರಮಾದಿತ್ಯ ಕಂಚಿ ಗೆದ್ದಾಗ ಕೈಲಾಸನಾಥ ಗುಡಿಯ ಸಂಪತ್ತು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ, ಹಾಗಂತ ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಹಾಕಿಸಿದ್ದಾನೆ. ಅದಕ್ಕೆ ಸುಮಾರು ನೂರು ವರ್ಷ ಮೊದಲು, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿ ಹೊಡೆದು ಬಾದಾಮಿ ಬಂಡೆ ಮೇಲೆ ತನ್ನ ಶಾಸನ ಬರೆಸಿ ಹೋಗಿದ್ದ. ಲೆಕ್ಕ ಚುಕ್ತಾ.

ಕುಂದಾನಗರಿ
ಪಟ್ಟದಕಲ್ಲು ಎಲ್ಲೂ ಓಡಿ ಹೋಗಲ್ಲ ಮೇಡಂ. ಅವರು ಕೇಳಿದ್ದು ಹೊಳೆ. ಹೊಳೆ ಅಂದ್ರೆ ಹುಟ್ಟು ಬೇಡವಾ?

ಕಲ್ಲುಹುಚ್ಚಿ
ಮಂಡಿನೋವಿನ ಅಮ್ಮನ್ನ ಕೇಳಿ, ಹುಟ್ಟು ಬೇಕಾ ಬೇಡವಾ ಅವರೇ ಹೇಳ್ತಾರೆ.

ನಿವೃತ್ತ_ಮೇಷ್ಟ್ರು
ಚರ್ಚೆ ಬಿಸಿಯಾಗುವ ಮೊದಲು ಒಂದು ಸೂಚನೆ. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಎಂಬ ಕಾರಣಕ್ಕೂ ಆ ಜಾಗ ಪವಿತ್ರವೆನಿಸಿತು, ರಾಜರ ಪಟ್ಟಾಭಿಷೇಕ ಅಲ್ಲಿ ನಡೆಯುತ್ತಿತ್ತು. ಗುಡಿಗಳ ಆವರಣದಿಂದ ಹೊಳೆಗೆ ಇಳಿದು ನಿಂತು ನೋಡಿದರೆ ತಿರುವು ತಿಳಿಯುತ್ತದೆ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆವರಣ ಸಮತಟ್ಟು, ಹುಲ್ಲುಹಾಸು, ನಿಮ್ಮ ತಾಯಿಯವರಿಗೆ ಯಾವ ತೊಂದರೆಯೂ ಆಗದು. ಬಾದಾಮಿ ಗುಹೆಗಳಿಗೆ ಮೆಟ್ಟಿಲಿವೆ, ಮೊದಲ ಗುಹೆಯವರೆಗೆ ನಿಧಾನವಾಗಿ ಹತ್ತಿಸಿ ಅಲ್ಲಿಯೇ ನೆರಳಲ್ಲಿ ಕೂರಿಸಿ, ನೀವು ಮೂರನೆಯದಕ್ಕೆ ಹೋಗಿ ಬನ್ನಿ. ಚಾಲುಕ್ಯ ಮಂಗಲೇಶನ 578ರ ಶಾಸನ ಇರುವುದು ಅಲ್ಲಿ. ಐಹೊಳೆಯಲ್ಲಿ ದುರ್ಗದ ಗುಡಿ, ಲಾಡಖಾನ್, ರಾವಣಫಡಿ ಮೂರನ್ನೂ ಅವರು ನೋಡಬಹುದು. ಮೇಗುಟಿಗೆ ಮಾತ್ರ ಗುಡ್ಡ ಹತ್ತಬೇಕು. ಮಗಳನ್ನು ಕರೆದೊಯ್ಯಿರಿ, ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ಮೇಲೆ ಬರೆದ ಶಾಸನ ಗೋಡೆಯ ಮೇಲಿದೆ. ಕಾಳಿದಾಸ, ಭಾರವಿಯರಿಗೆ ತಾನು ಸಮ ಎಂದು ಕವಿ ತಾನೇ ಹೇಳಿಕೊಂಡಿದ್ದಾನೆ. ಸಂಕೋಚವಿಲ್ಲದ ಮನುಷ್ಯ.

ಕುಡ್ಲದ_ಹುಡುಗ
ಈಗಿನ ಕಾಲದಲ್ಲಿ ಇದ್ದಿದ್ದರೆ ಅವನೇ ತನ್ನ ಪೋಸ್ಟಿಗೆ ಲೈಕ್ ಒತ್ತುತ್ತಿದ್ದ ಮಾರಾಯ್ರೆ.

ಪಯಣಿಗ_ಬೆಂಗಳೂರು
😄 ಮಹಾಕೂಟದಲ್ಲಿ ಮಂಗಲೇಶನ ಕಂಬದ ಶಾಸನ ಅಂತ ಒಂದಿದೆಯಲ್ಲ, ಅದನ್ನೂ ನೋಡಬೇಕು ಅಂತಿದೆ.

ಕಲ್ಲುಹುಚ್ಚಿ
ಕಂಬ ಈಗ ಮಹಾಕೂಟದಲ್ಲಿಲ್ಲ, ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಆದರೂ ಮಹಾಕೂಟಕ್ಕೆ ಹೋಗಿ. ಪುಷ್ಕರಣಿಗೆ ಒರತೆ ನೀರು, ಊರ ಹುಡುಗರು ಮೇಲಿಂದ ಧುಮುಕ್ತಿರ್ತಾರೆ, ನೀರೊಳಗೇ ಒಂದು ಚತುರ್ಮುಖ ಲಿಂಗದ ಮಂಟಪ ಇದೆ. ಬಟ್ಟೆ ಒಯ್ಯಿರಿ, ಮಗಳು ಇಳಿಯದೆ ಬರಲ್ಲ.

ಪುಣೆ_ಕನ್ನಡಿಗ
ನಾವು ಸೊಲ್ಲಾಪುರ, ವಿಜಯಪುರ ಕಡೆಯಿಂದ ಬರೋರು, ಹಾಗಾಗಿ ಯಾವಾಗಲೂ ಸಂಗಮದಿಂದ ಶುರು ಮಾಡ್ತೀವಿ. ನಿಮಗೂ ಅದೇ ಒಳ್ಳೇದು. ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆ ತಿರುಗಿ, ಕುಷ್ಟಗಿ, ಇಳಕಲ್ಲು, ಹುನಗುಂದ ಮೇಲೆ ಹೋದರೆ ಹೆದ್ದಾರಿ ಪೂರ್ತಿ ಚೆನ್ನಾಗಿದೆ. ಮೊದಲ ದಿನವೇ ಕೂಡಲಸಂಗಮ. ಅಲ್ಲಿಂದ ಮೇಲ್ಮುಖವಾಗಿ ಐಹೊಳೆ, ಪಟ್ಟದಕಲ್ಲು, ಬಾದಾಮಿ, ರಾಮದುರ್ಗ, ಸವದತ್ತಿ, ಕೊನೆಗೆ ಕಣಕುಂಬಿ. ವಾಪಸ್ಸು ಬೆಳಗಾವಿ–ಹುಬ್ಬಳ್ಳಿ–ಬೆಂಗಳೂರು. ಬಂದ ದಾರಿಯಲ್ಲೇ ವಾಪಸ್ ಹೋಗೋದು ತಪ್ಪುತ್ತೆ.

ಹೊಳಿದಂಡಿ
ಇದು ಶಾಣ್ಯಾತನ. ಆದ್ರ ಕಣಕುಂಬಿ ಕಡೀಗೆ ಇಟ್ಕೊಂಡ್ರ ದಣಿದು ಬಿಟ್ಟು ಬಿಡ್ತೀರಿ, ಬರದಿಟ್ಕೋರಿ.

ಬುಲೆಟ್_ಬಸ್ಯಾ
ಗಾಡಿ ಹೊಡಿಯೋರಿಗೆ ಖಾಸ್ ಮಾತು. ಡಿಸೆಂಬರ್ ಅಂದ್ರ ಕಬ್ಬಿನ ಸೀಜನ್. ಡಬಲ್ ಟ್ರೇಲರ್ ಹಾಕ್ಕೊಂಡು ಟ್ರ್ಯಾಕ್ಟರ್ ಬರ್ತಾವು, ಹಿಂದ ಲೈಟ್ ಇರೂದಿಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ವಾಡಿ ಅದರ ಮ್ಯಾಲೆ ಜೋತು ಬಿದ್ದಿರ್ತೈತಿ. ಏರಿನ್ಯಾಗ ಮುಂದಿನ ಗಾಲಿ ಮ್ಯಾಲೆ ಎದ್ದಿರ್ತೈತಿ, ಡ್ರೈವರ್ ಹಾಡು ಹಚ್ಚಿ ಅರಾಮ ಕುಂತಿರ್ತಾನ. ಮುನವಳ್ಳಿ, ರಾಮದುರ್ಗ, ಮುಧೋಳ ಕಡೆ ಹೊತ್ತು ಮುಳುಗಿದ ಮ್ಯಾಲೆ ಗಾಡಿ ಹೊಡಿಬ್ಯಾಡ್ರಿ. ಸಣ್ಣ ರಸ್ತಿ ಮ್ಯಾಲೆ ರಾಶಿ ಹಾಕಿರ್ತಾರ, ತೊಗರಿ, ಗೋವಿನಜೋಳ, ಅದರ ಮ್ಯಾಲೆ ಬ್ರೇಕ್ ಹೊಡದ್ರ ಗಾಡಿ ಜಾರತೈತಿ. ಹಂಪ್‌ಗೆ ಬಣ್ಣ ಇರೂದಿಲ್ಲ.

ಕುಡ್ಲದ_ಹುಡುಗ
ಇವಿ ಕಾರಲ್ಲಿ ಹೋಗಬಹುದಾ ಈ ರೂಟು?

ಬುಲೆಟ್_ಬಸ್ಯಾ
ಹುಬ್ಬಳ್ಳಿ, ಹೊಸಪ್ಯಾಟಿ ಬಿಡೂ ಮುಂದ ಪೂರ್ತಿ ತುಂಬಿಸ್ಕೋರಿ. ನಡುವ ಹೋಟೆಲ್‌ನವನಿಗೆ ಕೈಮುಗಿದು ಕಿಟಕಿ ಒಳಗಿಂದ ವೈರ್ ಎಳಕೋಬೇಕು.

ಖಣದಂಗಡಿ
ಗುಳೇದಗುಡ್ಡದಿಂದ. ಎಲ್ಲಾರೂ ಇಳಕಲ್ಲ ಸೀರಿ ಸೀರಿ ಅಂತೀರಿ, ಆ ಸೀರಿ ಮ್ಯಾಲಿನ ಕುಪ್ಪಸಕ್ಕ ಖಣ ಎಲ್ಲಿಂದ ಬರ್ತೈತಿ? ಬಾದಾಮಿಯಿಂದ ನಮ್ಮೂರು ಹತ್ತಿರ. ಮಗ್ಗ ನೋಡಬೇಕಂದ್ರ ಓಣಿಗೆ ಬರ್ರಿ, ಸದ್ದು ಕೇಳಿದ ಮನಿ ಮುಂದ ನಿಂತ್ರ ಒಳಗ ಕರೀತಾರ. ಮೊದಲಿನಷ್ಟು ಮಗ್ಗ ಉಳಿದಿಲ್ಲ, ಇರೂವಷ್ಟರಾಗ ನೋಡ್ರಿ.

ಕುಕ್ಕರಹಳ್ಳಿ
ಕರದಂಟು ಎಲ್ಲಿ ತಗೊಳ್ಳೋದು? ಗೋಕಾಕದ್ದೇ ಒರಿಜಿನಲ್ ಅಂತಾರೆ.

ಖಣದಂಗಡಿ
ಐಹೊಳಿ ಬಗಲಾಗ ಅಮೀನಗಡ ಇಟ್ಕೊಂಡು ಗೋಕಾಕ ಹೆಸರು ಹೇಳಿದ್ರಿ? ಮಾತಾಡಾಕ ಹೋಗಬ್ಯಾಡ್ರಿ ನನ್ನ ಕೂಡ.

ಕುಂದಾನಗರಿ
ಗೋಕಾಕದ್ದೇ.

ಖಣದಂಗಡಿ
ಅಮೀನಗಡ.

ಕುಂದಾನಗರಿ
ಗೋಕಾಕ. ಮೇಲಾಗಿ ಕುಂದಾ ನಮ್ಮದು.

ಹೊಳಿದಂಡಿ
ಎರಡೂ ತಿನ್ನೋರು ಸುಮ್ನ ತಿಂತಾರ, ಜಗಳಾಡೋರು ಜಗಳಾಡ್ರಿ. ಊಟದ ಮಾತು ಬಂತಂತ ಹೇಳ್ತೀನಿ. ಬನಶಂಕರಿ ಗುಡಿ ಹೊರಗ ಬುಟ್ಟಿ ಹೊತ್ತ ಹೆಣಮಕ್ಕಳು ಕುಂತಿರ್ತಾರ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಕಾಳುಪಲ್ಲೆ, ಗಡಿಗ್ಯಾಗಿನ ಗಟ್ಟಿ ಮಸರು. ಗಡಿಗಿ ಬೋರಲ ಹಾಕಿ ತೋರಸ್ತಾರ, ಮಸರು ಬೀಳೂದಿಲ್ಲ. ಹೋಟೆಲ್ ಬಿಟ್ಟು ಅಲ್ಲೇ ಕುಂತು ಉಣ್ರಿ.

ಪಯಣಿಗ_ಬೆಂಗಳೂರು
ಇದೊಂದೇ ಸಾಕು ಹೊರಡೋಕೆ. ಸವದತ್ತಿ–ಬಾದಾಮಿ ನಡುವೆ ನಿಲ್ಲೋ ಅಂಥದ್ದು ಏನಾದ್ರೂ?

ಹೊಳಿದಂಡಿ
ಹೂಲಿ, ಸವದತ್ತಿ ಮಗ್ಗಲಾಗ, ಪಂಚಲಿಂಗೇಶ್ವರ ಗುಡಿ. ನಮ್ಮ ತಾಲೂಕಿನ ತೊರಗಲ್ಲು, ಹೊಳಿ ದಂಡಿ ಮ್ಯಾಲಿನ ಹಳೇ ಕೋಟಿ, ಒಳಗ ಭೂತನಾಥ ಗುಡಿ. ಮಂದಿ ಇರೂದಿಲ್ಲ, ಟಿಕೇಟ್ ಇಲ್ಲ, ಗೈಡ್ ಇಲ್ಲ. ಸುರೇಬಾನ ಹತ್ತಿರ ಶಬರಿಕೊಳ್ಳ. ಯಲ್ಲಮ್ಮಗ ಮಂಗಳವಾರ, ಶುಕ್ರವಾರ, ಹುಣ್ಣಿಮಿ ತಪ್ಪಿಸಿ ಹೋಗ್ರಿ. ಬನದ ಹುಣ್ಣಿಮಿ ಕೆಲವು ವರ್ಷ ಜನವರಿ ಮೊದಲನೇ ವಾರಕ್ಕ ಬರ್ತೈತಿ. ಅವತ್ತ ಯಲ್ಲಮ್ಮನ ಗುಡ್ಡಾನೂ ತುಂಬಿರ್ತೈತಿ, ಬನಶಂಕರಿ ತೇರೂ ಅವತ್ತ. ಪಂಚಾಂಗ ನೋಡ್ರಿ.

ನಿವೃತ್ತ_ಮೇಷ್ಟ್ರು
ಎಂ.ಕೆ.ಹುಬ್ಬಳ್ಳಿಯಲ್ಲಿ ಹೊಳೆಯೊಳಗೆ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಬಸವಣ್ಣನವರ ಐಕ್ಯಸ್ಥಳ ಅದೇ ಹೊಳೆಯ ತುದಿಯಲ್ಲಿ, ಸಂಗಮದಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವವರು ಕಡಿಮೆ. ಸಂಗಮದಲ್ಲಿ ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು, ತಾಯಿಯವರ ಮಂಡಿಯ ನೆನಪಿರಲಿ. ಬಾದಾಮಿ, ಪಟ್ಟದಕಲ್ಲಿನ ನಡುವೆ ಶಿವಯೋಗಮಂದಿರವೂ ಹೊಳೆದಂಡೆಯಲ್ಲೇ ಇದೆ. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ್ದು, ಅಲ್ಲಿಯ ವಿಭೂತಿಗೆ ಇಂದಿಗೂ ಬೇಡಿಕೆ.

ನವಲಗುಂದ_ಎರಿಮಣ್ಣು
ಇಷ್ಟು ಮಂದಿ ಮಾತಾಡಿದ್ರಿ, ಒಬ್ಬರೂ ನರಗುಂದದ ಹೆಸರು ತಗೀಲಿಲ್ಲ. ಹುಬ್ಬಳ್ಳಿಯಿಂದ ಬಾದಾಮಿಗೆ ಬರೋರೆಲ್ಲ ನವಲಗುಂದ, ನರಗುಂದ ದಾಟೇ ಬರಬೇಕು. ಮಲಪ್ರಭಾ ಕಾಲುವಿಯಾಗ ನೀರು ಸರಿಯಾಗಿ ಬರಲಾರದ ಕರ ಕಟ್ಟ್ರಿ ಅಂದಿದ್ದಕ್ಕ 1980ರ ಜುಲೈ 21ಕ್ಕ ರೈತರು ಎದ್ದು ನಿಂತ್ರು, ಗೋಲಿಬಾರ್ ಆತು, ರೈತರು ಸತ್ತರು. ಇವತ್ತಿಗೂ ಆ ದಿನ ವೀರಗಲ್ಲಿಗೆ ಹೂವು ಏರಸ್ತಾರ. ಚಾಲುಕ್ಯರದು ಅಷ್ಟ ಇತಿಹಾಸ ಏನ್ರಿ? ಕಣಕುಂಬಿಗೆ ಹೋದ್ರ, ಗೋವಾ ಕಡೆ ಹರಿಯೂ ಮಹದಾಯಿ ನೀರನ್ನ ಮಲಪ್ರಭೆಗೆ ತಿರುಗಸೂ ಕಳಸಾ ಕಾಲುವಿ ಕೆಲಸಾನೂ ನೋಡ್ರಿ. 2018ರಾಗ ನ್ಯಾಯಾಧಿಕರಣದ ತೀರ್ಪು ಬಂತು, ಕಳಸಾ-ಬಂಡೂರಿಗೆ 3.9 ಟಿಎಂಸಿ ಅಂದ್ರು. ನೀರು ಎಲ್ಲೈತಿ?

ಕುಡ್ಲದ_ಹುಡುಗ
ಕಾಡು ಕಡಿದು ನೀರು ತಿರುಗಿಸೋದು ಸರಿಯಾ ಅಂತಲೂ ಕೇಳಬೇಕಲ್ವಾ? ಗೋವಾದವರಿಗೂ ಅವರ ಮಾತಿದೆ.

ನವಲಗುಂದ_ಎರಿಮಣ್ಣು
ವರ್ಷಪೂರ್ತಿ ಮಳಿ ಬೀಳೂ ಊರಾಗ ಕುಂತು ಹೇಳೂದು ಹಗೂರ.

ಕುಡ್ಲದ_ಹುಡುಗ
ನಮ್ಮಲ್ಲೂ ನೇತ್ರಾವತಿ ತಿರುಗಿಸ್ತೇವೆ ಅಂತ ಗುಂಡಿ ತೋಡಿದ್ದಾರೆ, ಹಾಗಾಗಿ ಹೇಳಿದ್ದು.

ನಿರ್ವಾಹಕ
ಮಹದಾಯಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ನರಗುಂದದ ಮಾಹಿತಿ ಇಲ್ಲೇ ಇರಲಿ, ಅದು ದಾರಿಗೆ ಸಂಬಂಧಪಟ್ಟದ್ದು.

ಕುಕ್ಕರಹಳ್ಳಿ
ಉಳ್ಕೊಳ್ಳೋಕೆ ಬಾದಾಮಿಯೇ ಸರಿ. ಸರ್ಕಾರದ ಮಯೂರ ಚಾಲುಕ್ಯ ಇದೆ, ಸ್ಟೇಷನ್ ರಸ್ತೆಯಲ್ಲಿ ಖಾಸಗಿ ಲಾಡ್ಜುಗಳಿವೆ. ಕ್ರಿಸ್‌ಮಸ್ ವಾರಕ್ಕೆ ಈಗಲೇ ಬುಕ್ ಮಾಡಿ. ಹೋದ ಸಲ ಒಂದು ಕಡೆ ಬುಕ್ಕಿಂಗ್ ಇದ್ದೂ ರೂಮ್ ಇಲ್ಲ ಅಂದುಬಿಟ್ರು, ಮಕ್ಕಳನ್ನ ಕಟ್ಕೊಂಡು ಬಾಗಲಕೋಟೆಗೆ ಓಡಿದ್ವಿ. ಬೆಳಿಗ್ಗೆ ಹೊತ್ತು ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ಗುಹೆಗಳ ಹತ್ತಿರ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಬೇಡ, ಮಂಗಗಳು ಕೇಳಿ ತಗೊಳ್ಳಲ್ಲ. ಬಾದಾಮಿ ಕೆರೆ ದಂಡೆಯ ಭೂತನಾಥ ಗುಡಿಗೆ ಸಂಜೆ ಹೋಗಿ, ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಬಿಸಿಲು ನೇರ ಬೀಳುತ್ತೆ.

ಹೊಳಿದಂಡಿ
ಎಳ್ಳಮಾಸಿ ಯಾವತ್ತೈತಿ ನೋಡ್ಕೋರಿ, ನಿಮ್ಮ ರಜಾದಾಗ ಬಂದ್ರ ನಸೀಬು. ಅವತ್ತ ಊರಾಗ ಯಾರೂ ಇರೂದಿಲ್ಲ, ಎಲ್ಲಾ ಹೊಲದಾಗ. ಚರಗ ಚೆಲ್ಲಿ ಉಣ್ಣಾಕ ಕುಂತಿರ್ತಾರ. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ, ಎಣ್ಣಿಗಾಯಿ. ರಸ್ತಿ ಮಗ್ಗಲ ಗಾಡಿ ನಿಲ್ಲಿಸಿ ಹೊಲ ನೋಡಾಕತ್ತಿದ್ರ ಕರದ ಕರೀತಾರ, ಒಲ್ಲೆ ಅನ್ನಬ್ಯಾಡ್ರಿ.

ಪಯಣಿಗ_ಬೆಂಗಳೂರು
ಎಲ್ಲರ ಮಾತು ಕೇಳಿ ಹೀಗೆ ಮಾಡಿದೀನಿ. ಹೋಗೋದು ಹೊಸಪೇಟೆ ಮೇಲೆ, ಮೊದಲ ರಾತ್ರಿ ಕೂಡಲಸಂಗಮ. ಮರುದಿನ ಬೆಳಿಗ್ಗೆ ಸಂಗಮ, ಮಧ್ಯಾಹ್ನದಿಂದ ಐಹೊಳೆ, ರಾತ್ರಿ ಬಾದಾಮಿ. ಬಾದಾಮಿಯಲ್ಲೇ ಮೂರು ರಾತ್ರಿ: ಒಂದು ದಿನ ಪೂರ್ತಿ ಪಟ್ಟದಕಲ್ಲು ಮತ್ತು ಶಿವಯೋಗಮಂದಿರ, ಒಂದು ದಿನ ಗುಹೆ, ಮ್ಯೂಸಿಯಂ, ಬನಶಂಕರಿ ಊಟ, ಮಹಾಕೂಟ. ಆಮೇಲೆ ಕೊಣ್ಣೂರು, ರಾಮದುರ್ಗ, ತೊರಗಲ್ಲು, ನವಿಲುತೀರ್ಥ ನೋಡಿ ಧಾರವಾಡದಲ್ಲಿ ಉಳಿದು ವಾಪಸ್. ಆಲಮಟ್ಟಿ, ಕಿತ್ತೂರು, ಹಲಸಿ ಬಿಟ್ಟೆ. ಕಣಕುಂಬಿ ಈ ಸಲ ಇಲ್ಲ, ಮಳೆಗಾಲ ಮುಗಿದ ಮೇಲೆ ಅಪ್ಪ ಅಮ್ಮನ್ನ ಬಿಟ್ಟು ನಾವು ಮೂವರೇ ಹೋಗ್ತೀವಿ.

ಕುಂದಾನಗರಿ
ನೋಡಿ, ಕೊನೆಗೂ ಹೊಳೆಯ ತಲೆ ಕತ್ತರಿಸಿದ್ರಿ.

ಕಲ್ಲುಹುಚ್ಚಿ
ಪಟ್ಟದಕಲ್ಲಿಗೆ ಪೂರ್ತಿ ದಿನ! ಇವರ ಮನೆ ತಣ್ಣಗಿರಲಿ.

ಬುಲೆಟ್_ಬಸ್ಯಾ
ರಾಮದುರ್ಗದಿಂದ ಸವದತ್ತಿ ದಾಟೂತನ ಹೊತ್ತು ಇರಬೇಕು ಮತ್ತ. ಕಬ್ಬಿನ ಟ್ರ್ಯಾಕ್ಟರ್ ಮರಿಬ್ಯಾಡ್ರಿ.

ನಿವೃತ್ತ_ಮೇಷ್ಟ್ರು
ಬಾದಾಮಿ ಮ್ಯೂಸಿಯಂ ದಿನ ಯಾವ ವಾರ ಬರುತ್ತದೆ?

ಪಯಣಿಗ_ಬೆಂಗಳೂರು
ಶುಕ್ರವಾರ ಸರ್.

ನಿವೃತ್ತ_ಮೇಷ್ಟ್ರು
ಶುಕ್ರವಾರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ರಜೆ, ಐಹೊಳೆಯದೂ ಸೇರಿ. ಪಟ್ಟದಕಲ್ಲಿನ ದಿನದ ಜೊತೆ ಅದಲುಬದಲು ಮಾಡಿಕೊಳ್ಳಿ.

ಪಯಣಿಗ_ಬೆಂಗಳೂರು
ಮಾಡಿದೆ. ರೂಮ್ ಬುಕ್ಕಿಂಗಿಗೂ ಈಗ ಫೋನ್ ಹಚ್ಚಿದೀನಿ, ರಿಂಗ್ ಆಗ್ತಿದೆ, ಯಾರೂ ಎತ್ತುತ್ತಿಲ್ಲ.

ಖಣದಂಗಡಿ
ಮಧ್ಯಾಹ್ನ ಮಲಗಿರ್ತಾರ್ರಿ. ನಾಕರ ಮ್ಯಾಲೆ ಹಚ್ಚ್ರಿ.